ಅರಮನೆಯ ಗೊಂಬೆಯಾಟ

ಶಿಷ್ಯನೊಬ್ಬ ಕೇಳಿದ: “ಗುರುಗಳೇ, ಯುದ್ಧ ನಡೆಯುವಾಗ ಜನ ಸರ್ಕಾರದ ಟಿವಿ ಹೇಳಿದ್ದನ್ನೇ ನಂಬುತ್ತಾರಂತೆ. ಹೆತ್ತ ಮಕ್ಕಳು ಬಂದು ಬೇರೆ ಹೇಳಿದರೂ ಕೇಳುವುದಿಲ್ಲವಂತೆ. ಅದು ಹೇಗೆ ಸಾಧ್ಯ?”

ಗುರುಗಳು ಹೇಳಿದರು:

ಒಂದು ರಾಜ್ಯದಲ್ಲಿ ಟಿವಿ ಇರಲಿಲ್ಲ, ತೊಗಲುಗೊಂಬೆಯಾಟ ಇತ್ತು. ಹೊಳೆಯಾಚೆಯ ಊರಿನ ಮೇಲೆ ದಂಡೆತ್ತಿ ಹೋಗುವ ಮೊದಲು ರಾಜ ಬೇರೆ ಮೇಳಗಳ ಗೊಂಬೆಗಳನ್ನೆಲ್ಲ ಕಿತ್ತುಕೊಂಡ. ಉಳಿದದ್ದು ಅರಮನೆಯ ಮೇಳ ಒಂದೇ. ದೀಪದ ಎಣ್ಣೆ ಅರಮನೆಯದು, ಗೊಂಬೆ ಅರಮನೆಯದು, ಕತೆಯೂ ಅರಮನೆಯದೇ. ದಿನಾ ಸಂಜೆ ಪರದೆಯ ಮೇಲೆ ರಾಜನ ಸೈನಿಕರು ಆಚೆಯ ಊರಿನ ಹಸಿದವರಿಗೆ ಅನ್ನ ಬಡಿಸುತ್ತಿದ್ದರು, ಅಲ್ಲಿನ ಹೆಂಗಸರು ಅವರಿಗೆ ಆರತಿ ಎತ್ತುತ್ತಿದ್ದರು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರೆ. ತೊಗಲನ್ನು ಪ್ರಮಾಣಿಸಿ ನೋಡುವ ಗೋಜಿಗೆ ಯಾರೂ ಹೋಗಲಿಲ್ಲ.

ಅಲ್ಲೊಬ್ಬ ಬೆಲ್ಲದ ವ್ಯಾಪಾರಿ ಇದ್ದ. ತನ್ನ ಒಬ್ಬಳೇ ಮಗಳನ್ನು ಹೊಳೆಯಾಚೆಗೆ ಮದುವೆ ಮಾಡಿಕೊಟ್ಟಿದ್ದ. ಅವಳಿಗೇನೂ ಆಗಿಲ್ಲವೆಂದು ದಿನವೂ ಆಟ ನೋಡಿ ಸಮಾಧಾನ ಮಾಡಿಕೊಳ್ಳುತ್ತಿದ್ದ.

ಒಂದು ಬೆಳಿಗ್ಗೆ ಮಗಳು ಕೂಸನ್ನು ಎತ್ತಿಕೊಂಡು ಬಾಗಿಲಿಗೆ ಬಂದಳು. ಸೆರಗು ಸುಟ್ಟಿತ್ತು.

“ಅಪ್ಪಾ, ರಾಜನ ದಂಡು ನಮ್ಮ ಮನೆಗೆ ಬೆಂಕಿ ಇಟ್ಟಿತು. ನಿಮ್ಮ ಅಳಿಯ ಒಳಗೇ ಉಳಿದುಬಿಟ್ಟರು.”

ವ್ಯಾಪಾರಿ ತಲೆಯಾಡಿಸಿದ. “ಯಾರೋ ನಿನ್ನ ತಲೆ ಕೆಡಿಸಿದ್ದಾರೆ ಮಗಳೇ. ನಮ್ಮವರು ಅಲ್ಲಿ ಅನ್ನ ಬಡಿಸುತ್ತಿದ್ದಾರೆ, ನಿನ್ನೆ ತಾನೇ ನೋಡಿದೆ. ಒಲೆಯ ಕಿಡಿ ಹಾರಿರಬೇಕು. ಅಳಿಯಂದಿರು ತಪ್ಪಿಸಿಕೊಂಡಿರುತ್ತಾರೆ, ಬರುತ್ತಾರೆ. ಒಳಗೆ ಬಾ, ಮೊದಲು ಊಟ ಮಾಡು.”

ಮಗಳು ಹೊಸ್ತಿಲು ದಾಟಲಿಲ್ಲ. “ಬೆಂಕಿ ಇಟ್ಟವನನ್ನು ಕಣ್ಣಾರೆ ನೋಡಿದೆ ಅಪ್ಪಾ. ಇದೇ ಬೀದಿಯವನು. ನನ್ನ ಮದುವೆಗೆ ಚಪ್ಪರ ಹಾಕಿದವನು. ನನ್ನ ಹೆಸರು ಹಿಡಿದು ಕೂಗಿ, ಓಡಿಹೋಗು ಅಂದ.”

ವ್ಯಾಪಾರಿ ಅವಳ ಮುಖವನ್ನೇ ಬಹಳ ಹೊತ್ತು ನೋಡಿದ. ಕೂಸಿನ ತಲೆ ಮುಟ್ಟಿದ, ಸುಟ್ಟ ಕೂದಲಿನ ವಾಸನೆ ಬಂತು. ಆಮೇಲೆ ಒಳಗೆ ಹೋಗಿ ಬಾಗಿಲಿಗೆ ಅಗಳಿ ಹಾಕಿಕೊಂಡ. ಹೊರಗೆ ಕೂಸು ಅಳುತ್ತಲೇ ಇತ್ತು. ಸಂಜೆ ಅವನು ಎಂದಿನಂತೆ ಆಟಕ್ಕೆ ಹೋಗಿ ಎಲ್ಲರ ಜೊತೆ ಕುಳಿತ.

ಕತೆ ಅಲ್ಲಿಗೆ ನಿಂತಿತು. ಶಿಷ್ಯ ಮರುಗಿ ಹೇಳಿದ: “ಅಯ್ಯೋ ಪಾಪ! ಕೊನೆಗೂ ಅವನು ಮಗಳ ಮಾತನ್ನು ನಂಬಲಿಲ್ಲವಲ್ಲ.”

ಗುರುಗಳು ಹೇಳಿದರು: “ನಂಬದೆ ಇದ್ದಾಗ ಒಳಗೆ ಬಾ ಎಂದು ಕರೆದನಪ್ಪ, ಅಗಳಿ ಹಾಕಿದ್ದು ನಂಬಿದ ಮೇಲೆ.”