ಉಪ್ಪುಗರಿಕೆ ಉದುರಿಸಿದ ಎಲೆ

ಮಕ್ಕಳೇ, ನೆಲ ಕೆರೆದರೆ ಮಣ್ಣಿಗಿಂತ ಮೊದಲು ಉಪ್ಪೇ ಕಾಣುವ ಒಂದು ಮರುಭೂಮಿ ಇತ್ತು. ಅಲ್ಲಿ ಕೆರೆಯಿಲ್ಲ, ಬಾವಿಯಿಲ್ಲ. ಬೆಳೆಯುತ್ತಿದ್ದುದು ಉಪ್ಪುಗರಿಕೆ ಎಂಬ ಹುಲ್ಲೊಂದೇ. ಆ ಹುಲ್ಲಿನ ಒಂದು ಹಳೆಯ ಪೊದೆಯನ್ನು ಎಲ್ಲರೂ ಅಜ್ಜಿ ಎಂದು ಕರೆಯುತ್ತಿದ್ದರು. ಅಜ್ಜಿಯ ಬುಡದಲ್ಲೇ ಬಿಲ ತೋಡಿಕೊಂಡು, ಚಿಮ್ಮಿ ಎಂಬ ಮರಳಿಲಿ ಮರಿಗಳೊಂದಿಗೆ ವಾಸವಾಗಿದ್ದಳು.

ಚಿಮ್ಮಿ ಕೆಟ್ಟವಳಲ್ಲ. ಆದರೆ ಪುಕ್ಕಟೆ ಎಂಬ ಮಾತು ಕಿವಿಗೆ ಬಿದ್ದರೆ ಅವಳ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಒಂದು ಬೆಳಿಗ್ಗೆ ದೂರದ ಆಕಾಶ ಕೆಂಪಗಾಯಿತು. ನೆರೆಯ ಮೊಲ ಏದುಸಿರು ಬಿಡುತ್ತ ಓಡಿ ಬಂತು.

"ಚಿಮ್ಮಕ್ಕಾ, ಧೂಳುಗಾಳಿ ಬರ್ತಾ ಇದೆ. ಶುರುವಾದ್ರೆ ಹೊರಗೆ ಮೂಗು ಚಾಚೋಕೂ ಆಗಲ್ಲ. ಬೇಗ ಮೇವು ಕೂಡಿಸ್ಕೋ."

ಮೇವು ಕೂಡಿಸಲು ಆ ನೆಲದಲ್ಲಿ ಒಂದು ಪದ್ಧತಿಯಿತ್ತು. ಹಸಿರು ಗರಿ ಕಚ್ಚಿ, ಅದರ ಮೇಲಿನ ಬಿಳಿ ಉಪ್ಪಿನ ಹರಳು ಉದುರುವ ತನಕ ಕಲ್ಲಿಗೆ ಬಡಿದು, ಆಮೇಲೆ ಬಿಲಕ್ಕೆ ಒಯ್ಯಬೇಕು. ಮೊಲ ಪಟಪಟನೆ ಬಡಿಯತೊಡಗಿತು. ಚಿಮ್ಮಿಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು? ಅವಳ ಕಣ್ಣು ಅಜ್ಜಿಯ ಬುಡದಲ್ಲಿ ಉದುರಿದ್ದ ಹಳದಿ ಎಲೆಗಳ ರಾಶಿಯ ಮೇಲೆ ಬಿತ್ತು.

"ಅಯ್ಯೋ, ಕಚ್ಚೋದೂ ಬೇಡ, ಬಡಿಯೋದೂ ಬೇಡ. ಪುಕ್ಕಟೆ ಬಿದ್ದಿದೆಯಲ್ಲ" ಎಂದು ಬಾಚತೊಡಗಿದಳು.

"ಅದು ಬೇಡ ಕಣೇ" ಎಂದಿತು ಅಜ್ಜಿ. "ಈ ಉಪ್ಪಿನ ನೆಲದಲ್ಲಿ ನಾನು ಬದುಕಿರೋದು ಹೇಗೆ ಗೊತ್ತಾ? ಬರೋ ಉಪ್ಪನ್ನು ಬೇರಲ್ಲೇ ತಡೀತೀನಿ. ನುಸುಳಿ ಬಂದಿದ್ದನ್ನು ಗರಿಯ ಮೇಲೆ ಹರಳು ಮಾಡಿ ಹೊರಗೆ ಹಾಕ್ತೀನಿ, ಗಾಳಿ ಒಯ್ಯುತ್ತೆ. ಅದಕ್ಕೂ ಮೀರಿ ಉಳಿದಿದ್ದನ್ನು ಮುದಿ ಎಲೆಗೆ ತುಂಬಿ ಉದುರಿಸಿಬಿಡ್ತೀನಿ. ನೀನು ಹೊರ್ತಾ ಇರೋದು ನನ್ನ ಮನೆ ಕಸ."

"ಬಿದ್ದ ಎಲೆಗೂ ಜಿಪುಣತನವಾ ಅಜ್ಜಿ?" ಎನ್ನುತ್ತ ಚಿಮ್ಮಿ ಓಡಿದಳು, ಬಂದಳು, ಮತ್ತೆ ಓಡಿದಳು. ಗಾಳಿ ಬಂದು ಅಪ್ಪಳಿಸುವಷ್ಟರಲ್ಲಿ ಬಿಲ ತುಂಬಿತ್ತು. ತನ್ನ ಜಾಣತನಕ್ಕೆ ಅವಳಿಗೇ ಖುಷಿಯಾಯಿತು.

ಹೊರಗೆ ಗಾಳಿ ಬೊಬ್ಬಿಡುತ್ತಿತ್ತು. ಒಳಗೆ ಮರಿಗಳು ಹೊಟ್ಟೆ ತುಂಬ ತಿಂದವು. ಸ್ವಲ್ಪ ಹೊತ್ತಿಗೆ ಬಾಯಿ ಒಣಗಿತು, ನಾಲಿಗೆ ದಪ್ಪವಾಯಿತು. ಕಿರಿಯ ಮರಿಯಂತೂ ಕಣ್ಣೇ ಬಿಡಲಿಲ್ಲ. ಉಪ್ಪು ತಿಂದವರು ನೀರು ಕುಡಿಯಲೇಬೇಕು. ಆದರೆ ಆ ನೆಲದಲ್ಲಿ ನೀರೆಲ್ಲಿದೆ?

ಚಿಮ್ಮಿ ಬಿಲದ ಗೋಡೆಗೆ ಬಾಯಿಟ್ಟು ಕೂಗಿದಳು. "ಅಜ್ಜೀ, ತಪ್ಪಾಯ್ತು. ನನ್ನ ಮಗು ಹೋಗ್ತಿದೆ."

ಅಜ್ಜಿ ಒಂದು ಮಾತೂ ಹಂಗಿಸಲಿಲ್ಲ. "ಎಡಗಡೆ ತೋಡು. ನನ್ನ ಎಳೆ ಮೊಳಕೆ ಸಿಗುತ್ತೆ, ಅದಕ್ಕೆ ನಾನು ಉಪ್ಪು ಸೇರಗೊಡಲ್ಲ. ತೋಡು, ನಿಲ್ಲಬೇಡ."

ಚಿಮ್ಮಿ ತೋಡಿದಳು. ಉಗುರು ಕಿತ್ತುಬಂದರೂ ತೋಡಿದಳು. ಕೊನೆಗೂ ಬೆಳ್ಳಗಿನ, ರಸ ತುಂಬಿದ ಮೊಳಕೆ ಹಲ್ಲಿಗೆ ಸಿಕ್ಕಿತು. ಅದನ್ನು ಅಗಿದು ಕಿರಿಯ ಮರಿಯ ಬಾಯಿಗೆ ರಸ ಹಿಂಡಿದಳು. ಮರಿ ಚಪ್ಪರಿಸಿತು. ಮತ್ತೆ ಚಪ್ಪರಿಸಿ ಕಣ್ಣು ಬಿಟ್ಟಿತು. ಚಿಮ್ಮಿ ನಗುತ್ತಲೇ ಅತ್ತಳು. ಗಾಳಿ ನಿಲ್ಲುವವರೆಗೂ ಎಲ್ಲರೂ ಆ ಮೊಳಕೆಗಳಿಂದಲೇ ಬದುಕಿದರು.

ಗಾಳಿ ನಿಂತ ಮೇಲೆ ಅವಳು ಮೊದಲು ಮಾಡಿದ ಕೆಲಸ, ಹೊತ್ತು ತಂದ ರಾಶಿಯನ್ನೆಲ್ಲ ಹೊರಗೆ ಎಸೆದದ್ದು.

"ಈಗ ನೀನೂ ನನ್ನ ಹಾಗೇ ಉಪ್ಪು ಹೊರಗೆ ಹಾಕಿ ಬದುಕೋಕೆ ಕಲಿತೆ" ಎಂದಿತು ಅಜ್ಜಿ.

ಅಷ್ಟರಲ್ಲಿ ಕಿರಿಯ ಮರಿ ಹಳದಿ ಎಲೆಯೊಂದನ್ನು ಎಳೆದುಕೊಂಡು ಕುಣಿಯುತ್ತ ಬಂತು. "ಅಮ್ಮಾ, ನೋಡು, ಪುಕ್ಕಟೆ ಸಿಕ್ತು."

ಚಿಮ್ಮಿ ಮರಿಯನ್ನು ಹತ್ತಿರಕ್ಕೆ ಕರೆದಳು. "ಅಜ್ಜಿ ಅದನ್ನು ಯಾಕೆ ಬಿಟ್ಟಳು ಅಂತ ಕೇಳಿದೆಯಾ ಕಂದಾ?"

ನೀತಿ: ಬೇರೆಯವರು ಬಿಸಾಡಿದ್ದನ್ನು ಬಾಚಿಕೊಳ್ಳುವ ಮುನ್ನ ಅವರು ಅದನ್ನು ಏಕೆ ಬಿಸಾಡಿದರೆಂದು ಕೇಳಬೇಕು.