ಕೊಳವೆಯ ಇನ್ನೊಂದು ಬಾಯಿ

ಹೊಳೆಯ ದಂಡೆಯ ಮೇಲೆ ಒಂದು ಆಶ್ರಮ. ಅಲ್ಲಿ ಒಬ್ಬ ಗುರು. ಊರವರು ಅವರನ್ನು ಅಜ್ಜಾರು ಎಂದೇ ಕರೆಯುತ್ತಿದ್ದರು. ಬೇರೆ ಹೆಸರಿತ್ತೋ ಇಲ್ಲವೋ, ಕೇಳುವ ಧೈರ್ಯ ಯಾರಿಗೂ ಬಂದಿರಲಿಲ್ಲ.

ಅಜ್ಜಾರು ದಿನಾ ಹೊಳೆಯ ಕಡೆ ಮುಖ ಮಾಡಿ ಒಂದು ಕಲ್ಲುಕಟ್ಟೆಯ ಮೇಲೆ ಕೂರುತ್ತಿದ್ದರು. ಅವರು ಕೂತಾಗ ಮುಂದಿನಿಂದ ಯಾರೂ ಅಡ್ಡ ಹಾಯುವಂತಿರಲಿಲ್ಲ. ಕೊಡ ಹೊತ್ತ ಹೆಂಗಸಾಗಲಿ, ಎಮ್ಮೆ ಹೊಡೆದುಕೊಂಡು ಬರುವವನಾಗಲಿ, ಅಲ್ಲೇ ನಿಲ್ಲಬೇಕು. ಅಜ್ಜಾರು ಕಣ್ಣು ತೆರೆದು, ಕೈಯೆತ್ತಿ "ಹಾಯಿ" ಎಂದ ಮೇಲೆ ಹೆಜ್ಜೆ ಮುಂದಿಡಬೇಕು. ಎಮ್ಮೆಗಳಿಗೂ ಇದು ರೂಢಿಯಾಗಿತ್ತು ಅನ್ನುತ್ತಾರೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಅಜ್ಜಾರ ಶಿಷ್ಯ ಈರಬಸಪ್ಪ. ಊರಿನ ಪುರಸಭೆಗೆ ಅವನೇ ಅಧ್ಯಕ್ಷ. ಆಶ್ರಮಕ್ಕೆ ಬರುವಾಗ ಅಧ್ಯಕ್ಷಗಿರಿಯನ್ನೂ ಚಪ್ಪಲಿಯ ಜೊತೆ ಹೊರಗೇ ಬಿಟ್ಟು ಬರುವವನು. ಆ ದಿನ ಮಾತ್ರ ಚಪ್ಪಲಿಯೊಂದನ್ನೇ ಬಿಟ್ಟು ಬಂದಿದ್ದ.

"ಅಜ್ಜಾರ, ಒಂದು ಸಂಕಟ ತಂದೀನ್ರಿ."

"ಇಳಿಸು."

"ನೇಕಾರ ಓಣಿ ಮಳಿನೀರಿಗೆ ಕೊಳವೆ ಹಾಕಬೇಕ್ರಿ. ಸಭೆಯೊಳಗ ಅರ್ಧ ಮಂದಿ ಸಿಮೆಂಟಿಂದು ಅಂತಾರ, ಅರ್ಧ ಮಂದಿ ಪ್ಲಾಸ್ಟಿಕ್ಕಿಂದು ಅಂತಾರ. ಸಮಾಸಮ ಆಗೇತಿ. ಇನ್ನ ನನ್ನ ಕೈ ಒಂದೇ ಉಳದೈತಿ. ಸೋಮವಾರ ಎತ್ತಬೇಕು. ಯಾವ ಕಡೆ ಎತ್ತಲಿ?"

ಈರಬಸಪ್ಪನೇ ಮುಂದುವರಿಸಿದ.

"ಸಿಮೆಂಟ್ ಆದ್ರ ಗಟ್ಟಿ, ಮ್ಯಾಲೆ ಲಾರಿ ಹೋದ್ರೂ ತಾಳ್ತೈತಿ ಅಂತಾರ. ಪ್ಲಾಸ್ಟಿಕ್ ಆದ್ರ ಒಳಗ ನುಣುಪು, ಕಸ ಹಿಡಿಯಂಗಿಲ್ಲ ಅಂತಾರ. ಮೊನ್ನೆ ಒಬ್ಬಾವ ಪ್ಲಾಸ್ಟಿಕ್ ಕೊಳವೆ ತುಂಡು ತಂದು ಸಭೆಯ ನಡುವ ಅದರ ಮ್ಯಾಲೆ ನಿಂತು ತೋರಿಸಿದ. ಸಿಮೆಂಟಿನವರು ಒಪ್ಪಲಿಲ್ಲ. ತಮ್ಮ ಕಡೆಯ ಒಬ್ಬ ದಪ್ಪ ಮನುಷ್ಯಾನ್ನ ನಿಲ್ಲಿಸಿದ್ರು."

"ಮುರೀತೇನು?"

"ಇಲ್ರಿ. ಆತ ಜಾರಿ ಬಿದ್ದ. ನುಣುಪು ಅಂದಿದ್ವಲ್ಲ ಅಂತ ಪ್ಲಾಸ್ಟಿಕ್ಕಿನವರು ಚಪ್ಪಾಳೆ ಹೊಡೆದ್ರು."

ಅಜ್ಜಾರು ನಗಲಿಲ್ಲ. ಈರಬಸಪ್ಪನೂ ನಗುವ ಸ್ಥಿತಿಯಲ್ಲಿ ಇರಲಿಲ್ಲ.

ನೇಕಾರ ಓಣಿ ಊರಿನ ತಗ್ಗಿನಲ್ಲಿದೆ. ಅಲ್ಲಿ ಮನೆಮನೆಗೂ ಕುಣಿಮಗ್ಗ. ನೆಲದಲ್ಲಿ ಒಂದು ಕುಣಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ಕೂತು ನೇಯುವುದು. ಓಣಿಗೆ ನೀರು ನುಗ್ಗಿದರೆ ಮೊದಲು ತುಂಬುವುದು ಅದೇ ಕುಣಿ. ಮೂರು ಮಳೆಗಾಲದಿಂದ ನುಗ್ಗುತ್ತಿತ್ತು.

ಈರಬಸಪ್ಪನ ತಂಗಿ ನೀಲವ್ವನನ್ನು ಕೊಟ್ಟದ್ದು ಅದೇ ಓಣಿಗೆ. ಹೋದ ಮಳೆಗಾಲದಲ್ಲಿ ಅವಳ ಗಂಡ ಸಂಕಪ್ಪ, ಮಗ್ಗಕ್ಕೆ ಏರಿಸಿದ್ದ ನೂಲು ನೆನೆಯುತ್ತದೆಂದು ಕುಣಿಗೆ ಇಳಿದ. ನೆನೆದ ಗೋಡೆ ಅವನ ಕಾಲ ಮೇಲೆ ಕುಸಿಯಿತು. ಈಗ ಕೋಲು ಹಿಡಿದು ನಡೆಯುತ್ತಾನೆ. ಮಗ್ಗದ ಮೆಟ್ಟು ತುಳಿಯಲು ಅವನಿಂದ ಆಗುವುದಿಲ್ಲ. ನೇಯುವುದೆಲ್ಲ ನೀಲವ್ವನೇ.

ಅವಳು ಅಣ್ಣನನ್ನು ಬೈದಿರಲಿಲ್ಲ. ಒಂದೇ ಮಾತು ಹೇಳಿದ್ದಳು. "ಅಣ್ಣಾ, ಈ ಸಲ ನೀರು ಬಂದ್ರ ಕುಣಿಗೆ ಇಳಿಯಾಕಿ ನಾನು."

ಆ ಮಾತು ಈರಬಸಪ್ಪನ ಎದೆಯಲ್ಲಿ ಮುಳ್ಳಾಗಿ ಕೂತಿತ್ತು.

"ಹೇಳ್ರಿ ಅಜ್ಜಾರ. ನೀವು ಹೇಳಿದ್ದಕ್ಕ ಕೈ ಎತ್ತತೀನಿ."

"ಮೊದಲು ಒಲಿ ಹಚ್ಚಿ ಕಷಾಯಕ್ಕ ಇಡು. ಗಂಟಲು ಕಟ್ಟೇತಿ."

ಒಲೆಯ ಕಟ್ಟಿಗೆ ಹಸಿಯಿತ್ತು. ಬರೀ ಹೊಗೆ. ಅಜ್ಜಾರು ಒಳಗೆ ಹೋಗಿ, ಸ್ವಲ್ಪ ಹೊತ್ತಿಗೆ ಹಿತ್ತಾಳೆಯ ಊದುಗೊಳವೆ ತಂದುಕೊಟ್ಟರು. ಈರಬಸಪ್ಪ ಊದಿದ. ಕೆನ್ನೆ ಉಬ್ಬಿತು, ಕಣ್ಣಲ್ಲಿ ನೀರು ಬಂತು, ಬೆಂಕಿ ಮಾತ್ರ ಬರಲಿಲ್ಲ.

"ಇದು ಆಗವಲ್ಲದ್ರಿ."

"ಹಂಗಾರ ಬಿದಿರಿಂದು ತೊಗೋ."

ಬಿದಿರಿನದನ್ನೂ ಊದಿದ. ಕಿವಿಯೊಳಗೆ ಗುಂಯ್ ಅಂದಿತು. ಬೆಂಕಿ ಇದ್ದಲ್ಲೇ ಇತ್ತು. ಕೊಳವೆಯನ್ನು ತಿರುಗಿಸಿ ನೋಡಿದ. ತುದಿಗೆ ಹಸಿ ಮಣ್ಣು ಮೆತ್ತಿತ್ತು. ಹಿತ್ತಾಳೆಯದನ್ನು ನೋಡಿದ. ಅದಕ್ಕೂ ಮೆತ್ತಿತ್ತು.

ಅಜ್ಜಾರು ಬೆರಳಿನ ಮಣ್ಣು ತೊಳೆದುಕೊಳ್ಳುತ್ತಿದ್ದರು.

"ಯಾವುದು ಚಲೋ? ಹಿತ್ತಾಳಿದೋ, ಬಿದಿರಿಂದೋ?"

"ಎರಡರ ಬಾಯಿನೂ ಕಟ್ಟೇತಲ್ರಿ!"

"ನೀ ಊದಿದ ಬಾಯಿ ಛಂದ ಐತಲ್ಲ?"

"ಇದು ಐತ್ರಿ. ಆ ಕಡೆ ಬಾಯಿ ಕಟ್ಟೇತಿ."

"ಅಂದ್ರ ಕೊಳವೆಗೆ ಎರಡು ಬಾಯಿ."

"ಹೌದ್ರಿ."

"ನಿಮ್ಮ ಓಣಿ ಕೊಳವೆಗೆ ಎರಡನೇ ಬಾಯಿ ಎಲ್ಲೈತಿ?"

ಈರಬಸಪ್ಪನಿಗೆ ಒಲೆಯ ಮುಂದೆ ಕೂತಿದ್ದಕ್ಕಿಂತ ಹೆಚ್ಚು ಬೆವರು ಬಂತು. ಎಲ್ಲಿದೆ ಎಂದು ಅವನಿಗೆ ಗೊತ್ತಿತ್ತು.

"ಹೊಳಿಗೆ, ಅಜ್ಜಾರ."

"ಹೊಳಿ ಉದ್ದ ಐತಿ. ಎಲ್ಲಿ?"

"ಸಭೆಯೊಳಗ... ಕೇಳ್ತೀನ್ರಿ."

"ಕೇಳು," ಎಂದು ಅಜ್ಜಾರು ಎರಡೂ ಊದುಗೊಳವೆಗಳನ್ನು ಅವನ ಕೈಗೇ ಕೊಟ್ಟರು. "ತೊಗೊಂಡು ಹೋಗು. ಮಣ್ಣು ತೆಗೀಬ್ಯಾಡ."

ಸೋಮವಾರ ಸಭೆ ಸೇರಿತು. ಈರಬಸಪ್ಪ ಎರಡೂ ಊದುಗೊಳವೆಗಳನ್ನು ಮೇಜಿನ ಮೇಲಿಟ್ಟ. "ಅಜ್ಜಾರು ಕಳಿಸ್ಯಾರ. ಇದನ್ನ ನೋಡಿ ನೀವೇ ತಿಳಕೋರಿ," ಎಂದ. ತಾನು ಹೇಳಬೇಕಾದ ಮಾತನ್ನು ಊದುಗೊಳವೆ ಹೇಳಲಿ ಎಂಬ ಆಸೆ ಅವನದು.

ಸದಸ್ಯರು ಭಕ್ತಿಯಿಂದ ಕಣ್ಣಿಗೆ ಒತ್ತಿಕೊಂಡರು. ಕೈಯಿಂದ ಕೈಗೆ ದಾಟಿಸಿದರು. ಆಮೇಲೆ ಒಬ್ಬರು, ಹಿತ್ತಾಳೆಯದೇ ಬಾಳಿಕೆ ಬರುತ್ತದೆ ಎಂದರು. ಇನ್ನೊಬ್ಬರು, ಹಿತ್ತಾಳೆ ಕಾದರೆ ತುಟಿ ಸುಡುತ್ತದೆ, ಬಿದಿರೇ ಹಿತ ಎಂದರು. ತಮ್ಮ ಮನೆಯಲ್ಲಿ ಅಜ್ಜಿಯ ಕಾಲದ ಕಬ್ಬಿಣದ್ದು ಇದೆ, ಅದರ ಮುಂದೆ ಇವೆಲ್ಲ ಯಾವ ಲೆಕ್ಕ ಎಂದು ಮತ್ತೊಬ್ಬರು ಎದ್ದರು. ಊಟದ ಹೊತ್ತಿನವರೆಗೆ ಚರ್ಚೆ ಕಾವೇರಿತು. ಗಟ್ಟಿ ಬೇಕು ಎನ್ನುವವರೆಲ್ಲ ಹಿತ್ತಾಳೆಯ ಕಡೆ, ಹಗುರ ಬೇಕು ಎನ್ನುವವರೆಲ್ಲ ಬಿದಿರಿನ ಕಡೆ. ಅಲ್ಲಿಯೂ ಸಮಾಸಮ.

ಕಟ್ಟಿದ ಬಾಯಿಯ ಬಗ್ಗೆ ಒಬ್ಬರೂ ಸೊಲ್ಲೆತ್ತಲಿಲ್ಲ. ಕಂಡಿರಲಿಲ್ಲ ಎಂದಲ್ಲ. ಎಲ್ಲರೂ ಕಂಡಿದ್ದರು.

ಮೂರು ವರ್ಷದ ಹಿಂದೆ ಅಜ್ಜಾರು ತೀರ್ಥಯಾತ್ರೆಗೆ ಹೋಗಿದ್ದರು. ನೆಲದ ಮೇಲೆ ಕೂತು ಕೂತು ಅವರ ಮೊಣಕಾಲು ಹಿಡಿದಿತ್ತು. ತಿರುಗಿ ಬರುವಷ್ಟರಲ್ಲಿ ಅವರಿಗೊಂದು ಕಟ್ಟೆ ಕಟ್ಟಿಸೋಣ ಎಂದು ಭಕ್ತರೆಲ್ಲ ಸೇರಿ ನಿಶ್ಚಯಿಸಿದರು. ಮುಂದೆ ನಿಂತವನು ಈರಬಸಪ್ಪ. ಹೊಳೆ ಚೆಂದ ಕಾಣುವ ಜಾಗ ಒಂದೇ ಇತ್ತು. ಅಲ್ಲಿ ಒಂದು ಸಣ್ಣ ಹಳ್ಳ ಹೊಳೆಗೆ ಸೇರುತ್ತಿತ್ತು. ನೇಕಾರ ಓಣಿಯ ಮಳೆನೀರು ಬರುತ್ತಿದ್ದದ್ದು ಅದೇ ಹಳ್ಳದಲ್ಲಿ. ಬೇಸಿಗೆಯಾದ್ದರಿಂದ ಅದು ಒಣಗಿತ್ತು. ಕಲ್ಲು ಮಣ್ಣು ತುಂಬಿ, ಮೇಲೆ ಕಟ್ಟೆ ಕಟ್ಟಿದರು.

ಅಜ್ಜಾರು ಬಂದವರು ಕೇಳಿದ್ದರು. "ಇಲ್ಲೊಂದು ಹಳ್ಳ ಇತ್ತಲ್ಲ?"

"ಆ ಕಡೆ ತಿರುವೀವ್ರಿ," ಎಂದಿದ್ದ ಈರಬಸಪ್ಪ.

ತಿರುವಿರಲಿಲ್ಲ. ತಿರುವಬೇಕೆಂಬ ಮನಸ್ಸಿತ್ತು. ಆಮೇಲೆ ಮರೆತೇಹೋಯಿತು. ಮೊದಲ ಮಳೆಗೆ ಓಣಿ ತುಂಬಿದಾಗ ನೆನಪಾಯಿತು. ಅಷ್ಟರಲ್ಲಿ ಜನ ಆ ಕಟ್ಟೆಗೆ ಕಾಯಿ ಒಡೆಯಲು ಶುರುಮಾಡಿದ್ದರು. ಅಜ್ಜಾರಿಗೆ ಏಳಿ ಎಂದು ಯಾವ ಬಾಯಿಯಿಂದ ಹೇಳುವುದು? ಅದಕ್ಕೇ ಸಭೆ ಕೊಳವೆಯ ಸುತ್ತಲೇ ಸುತ್ತುತ್ತಿತ್ತು. ಸಿಮೆಂಟೋ ಪ್ಲಾಸ್ಟಿಕ್ಕೋ ಎಂದು ಎಷ್ಟು ಹೊತ್ತು ಬೇಕಾದರೂ ಜಗಳವಾಡಬಹುದು. ಅದರಿಂದ ಗುರುವಿನ ಮನಸ್ಸು ನೋಯುವುದಿಲ್ಲ.

ಈರಬಸಪ್ಪ ಕೈಯೆತ್ತಲಿಲ್ಲ. ಮುಂದಿನ ಸಭೆಯಲ್ಲಿ ನೋಡೋಣ ಎಂದು ಎದ್ದ. ಹೊರಗೆ ಮೋಡ ಕವಿದಿತ್ತು.

ನೇಕಾರ ಓಣಿಯ ಮೇಲೆ ಹಾದು ತಂಗಿಯ ಮನೆಗೆ ಹಣಕಿದ. ಸಂಕಪ್ಪ ಗೋಡೆಗೆ ಒರಗಿ, ಕೋಲನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಮಗ್ಗದ ಮೇಲೆ ಅರ್ಧ ನೇಯ್ದ ಕೆಂಪು ಸೆರಗು. ನೀಲವ್ವ ಮನೆಯ ಕಂಬಕ್ಕೆ ಹಗ್ಗ ಬಿಗಿಯುತ್ತಿದ್ದಳು. ಹಗ್ಗದ ಇನ್ನೊಂದು ತುದಿ ಕುಣಿಯೊಳಗೆ ಇಳಿದಿತ್ತು.

"ಇದ್ಯಾಕವಾ?"

"ಇಳಿದ ಮ್ಯಾಲೆ ಹತ್ತಿ ಬರಾಕ ಬೇಕಲ್ಲಣ್ಣ."

ಅವಳು ಹಗ್ಗವನ್ನು ಎರಡು ಸಲ ಜಗ್ಗಿ ನೋಡಿದಳು. ಗಂಟು ಗಟ್ಟಿಯಿತ್ತು.

ಈರಬಸಪ್ಪನಿಗೆ ಭಯವಾಯಿತು. ಸಭೆಯಲ್ಲಿ ಆಗುವ ಭಯವಲ್ಲ ಅದು. ಒಂದು ಮಾತೂ ಆಡದೆ ಹೊಳೆಯ ಕಡೆ ಓಡಿದ. ಚಪ್ಪಲಿ ಎಲ್ಲಿ ಬಿದ್ದವೋ ನೋಡಲಿಲ್ಲ.

ಅಜ್ಜಾರು ಕಟ್ಟೆಯ ಮೇಲೆ ಕಣ್ಣು ಮುಚ್ಚಿ ಕೂತಿದ್ದರು. ದಪ್ಪ ಹನಿಗಳು ಬೀಳತೊಡಗಿದ್ದವು. ದಾರಿಯಲ್ಲಿ ನಾಲ್ಕಾರು ಜನ, ಅವರು ಕೈಯೆತ್ತಲಿ ಎಂದು ಕಾಯುತ್ತ ಮಳೆಯಲ್ಲಿ ನಿಂತಿದ್ದರು.

ಈರಬಸಪ್ಪ ನಿಲ್ಲಲಿಲ್ಲ. ಅಜ್ಜಾರ ಮುಂದಿನಿಂದಲೇ ನಡೆದು, ಅವರಿಗೂ ಹೊಳೆಗೂ ನಡುವೆ ಹೋಗಿ ನಿಂತ. ನಿಂತಿದ್ದವರು ಬಾಯಿಗೆ ಕೈ ಇಟ್ಟುಕೊಂಡರು.

"ಅಜ್ಜಾರ, ಏಳ್ರಿ."

ಅಜ್ಜಾರು ಕಣ್ಣು ತೆರೆದರು.

"ಎರಡನೇ ಬಾಯಿ ನಿಮ್ಮ ಕೆಳಗ ಐತಿ. ಹಳ್ಳ ತಿರುವೀವಿ ಅಂದಿದ್ದು ಸುಳ್ಳು. ಮುಚ್ಚೀವಿ. ಎಲ್ಲರಿಗೂ ಗೊತ್ತೈತಿ. ನಿಮ್ಮ ಮರ್ಯಾದಿಗೆ ಯಾರೂ ಹೇಳಲಿಲ್ಲ."

ಅಜ್ಜಾರು ತಾವು ಕೂತಿದ್ದ ಕಲ್ಲನ್ನು ಅಂಗೈಯಿಂದ ಮುಟ್ಟಿ ನೋಡಿದರು.

"ಸಂಕಪ್ಪನ ಕಾಲು ಹೋಗಿದ್ದು ಈ ನೀರಿಗೇನು?"

"ಹೌದ್ರಿ."

ಅವರ ಗಡ್ಡದಿಂದ ಮಳೆ ಇಳಿಯುತ್ತಿತ್ತು.

"ನನ್ನ ಮೊಣಕಾಲಿಗೆ ಅವನ ಕಾಲು," ಎಂದರು. ಆಮೇಲೆ, "ನಾನೂ ಎರಡನೇ ಸಲ ಕೇಳಲಿಲ್ಲ. ಕಲ್ಲು ಬೆಚ್ಚಗಿತ್ತು."

ಕಲ್ಲಿಗೆ ಕೈ ಊರಿ ಕಟ್ಟೆಯಿಂದ ಇಳಿದರು. ಈರಬಸಪ್ಪ ಹಿಡಿಯಲು ಹೋದ. ಬೇಡವೆಂದರು.

"ಹಾರೆ ಒಲಿ ಹಿಂದ ಐತಿ. ತೊಗೊಂಡು ಬಾ."

ಹಾರೆ ಬಂತು. ಕಟ್ಟೆಗೆ ಹಾಕಲು ಯಾರ ಕೈಯೂ ಏಳಲಿಲ್ಲ. ಈರಬಸಪ್ಪ ತಾನೇ ಮೂಲೆಯ ಕಲ್ಲಿಗೆ ಮೊನೆ ಕೊಟ್ಟು ಮೀಟಿದ. ಆ ಕಲ್ಲನ್ನು ಅಂದು ಹೆಗಲ ಮೇಲೆ ಹೊತ್ತು ತಂದವನೂ ಅವನೇ. ಅದು ಉರುಳಿದ ಮೇಲೆ ಉಳಿದವರಿಗೂ ಕೈ ಬಂತು. ಸುದ್ದಿ ಕೇಳಿ ಓಣಿಯವರು ಸಲಿಕೆ ಹಿಡಿದು ಓಡಿಬಂದರು. ಸಭೆಯವರೂ ಬಂದರು. ಸಿಮೆಂಟಿನವರೂ ಪ್ಲಾಸ್ಟಿಕ್ಕಿನವರೂ ಒಂದೇ ಕಲ್ಲಿಗೆ ಹೆಗಲು ಕೊಟ್ಟು ನೂಕಿದರು.

"ಅಜ್ಜಾರ, ಇನ್ನರ ಹೇಳ್ರಿ, ಯಾವ ಕೊಳವೆ?" ಎಂದು ಈರಬಸಪ್ಪ ಕೆಸರಿನೊಳಗಿಂದಲೇ ಕೇಳಿದ.

"ಮೊದಲು ಬಾಯಿ ಬಿಡಿಸು."

ಅಜ್ಜಾರು ಹಳ್ಳದ ಪಕ್ಕದಲ್ಲಿ, ಬರೀ ನೆಲದ ಮೇಲೆ, ಹೊಳೆಯ ಕಡೆ ಮುಖ ಮಾಡಿ ಕೂತುಬಿಟ್ಟಿದ್ದರು. ಮೊಣಕಾಲು ಎರಡೂ ಕೆಸರಿನಲ್ಲಿ.

ಮಳೆ ಜೋರಾಯಿತು. ಮೇಲಿನಿಂದ ನೀರು ಬರುವ ಸದ್ದು ಕೇಳಿತು. ಬಂತು. ಕೆಂಪಗೆ, ಕಸಕಡ್ಡಿ ಹೊತ್ತು, ಓಣಿಯ ಬಣ್ಣದ ನೂಲಿನ ತುಂಡುಗಳನ್ನು ಹೊತ್ತು ಬಂತು. ಕೊನೆಯ ಮಣ್ಣಿನ ಗುಡ್ಡೆಯೊಂದು ಇನ್ನೂ ಉಳಿದಿತ್ತು. ಅದರ ಹಿಂದೆ ನೀರು ನಿಂತಿತು. ಅಲ್ಲೇ ಸುತ್ತುತ್ತ ಏರತೊಡಗಿತು.

ಈರಬಸಪ್ಪ ಸಲಿಕೆ ಎತ್ತಿದವನು ಕೈ ತಡೆದ. ಗುಡ್ಡೆ ಒಡೆದರೆ ನೀರು ಅಜ್ಜಾರ ಮುಂದಿನಿಂದಲೇ ಹೊಳೆಗೆ ಹೋಗಬೇಕು.

"ಅಜ್ಜಾರ, ಹಿಂದಕ ಸರೀರಿ. ಕೊಳಚಿ ನೀರು. ನಿಮ್ಮ ಮುಂದ ಅಡ್ಡ ಹಾಯತೈತಿ."

ಅಜ್ಜಾರು ಸರಿಯಲಿಲ್ಲ. ನಿಂತ ನೀರನ್ನೇ ನೋಡಿದರು. ಕೊಡ ಹೊತ್ತು ನಿಂತ ಹೆಂಗಸರಿಗೆ ದಿನಾ ಎತ್ತುವ ಹಾಗೆಯೇ ಕೈಯೆತ್ತಿದರು.

"ಹಾಯಿ, ನಮ್ಮವ್ವಾ, ಹಾಯಿ. ಮೂರು ಮಳಿಗಾಲ ಸುಮ್ಮನ ನಿಂತಿಯಲ್ಲ, ನೀನಾದ್ರೂ ಬಾಯಿ ಬಿಟ್ಟು ಕೇಳಬಾರದಿತ್ತೇನು?"