ಗಾಜಿನ ಕೋಣೆಯ ಹಕ್ಕಿ

“ಅಪ್ಪಾವರೇ, ಯಾರ ಕಣ್ಣಿಗೂ ಬೀಳದ ಕೆಲಸದಲ್ಲಿ ಮನುಷ್ಯ ಹೆಮ್ಮೆಪಡುವುದು ಹೇಗೆ?” ಎಂದು ಮಡಿವಾಳಯ್ಯ ಗುರುಗಳನ್ನು ಕೇಳಿದ.

ಗುರುಗಳ ಮಠದಿಂದ ತಿಂಗಳಿಗೊಂದು ಪತ್ರಿಕೆ ಬರುತ್ತಿತ್ತು. ಅಚ್ಚಿಗೆ ಹೋಗುವ ಮೊದಲು ಅದರ ಪ್ರೂಫ್ ನೋಡಿ ತಪ್ಪು ತಿದ್ದುವುದು ಈ ಶಿಷ್ಯನ ಕೆಲಸ. ಹದಿನಾಲ್ಕು ವರ್ಷದಿಂದ ಅದನ್ನೇ ಮಾಡುತ್ತಿದ್ದ. ಅಂದು ಪತ್ರಿಕೆಯ ವಾರ್ಷಿಕ ಸಭೆ ಮುಗಿದಿತ್ತು. ಬರೆದವರಿಗೆ, ಚಿತ್ರ ಬಿಡಿಸಿದವರಿಗೆ, ಅಚ್ಚು ಹಾಕಿದವರಿಗೆ ಶಾಲು ಹೊದಿಸಿದ್ದರು. ಇವನ ಹೆಸರನ್ನು ಯಾರೂ ಎತ್ತಿರಲಿಲ್ಲ.

“ಒಂದು ತಪ್ಪು ಉಳಿದರೆ ಹತ್ತು ಪತ್ರ ಬರುತ್ತವೆ. ತಪ್ಪೇ ಇಲ್ಲದ ಸಂಚಿಕೆಗೆ ಒಂದು ಕಾರ್ಡೂ ಬರುವುದಿಲ್ಲ. ನಾಳೆಯಿಂದ ನನ್ನನ್ನು ಈ ಕೆಲಸದಿಂದ ಬಿಡಿಸಿಬಿಡಿ,” ಎಂದ.

“ಬಿಡಿಸೋಣ, ಅದಕ್ಕೇನಂತೆ. ಮೊದಲು ಕೂತುಕೋ. ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ,” ಎಂದು ಗುರುಗಳು ಹೇಳತೊಡಗಿದರು.

ಹೋದ ವರ್ಷ ನಾನು ಆಸ್ಟ್ರೇಲಿಯಾಕ್ಕೆ ಹೋಗಿದ್ದೆನಲ್ಲ. ಅಲ್ಲಿ ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ನಮ್ಮ ಶಿವಲೀಲಾ ಕರೆಸಿಕೊಂಡಿದ್ದಳು. ಅವಳಿರುವುದು ಆ ದೇಶದ ಉತ್ತರದ ತುದಿಯಲ್ಲಿ. ಬಿಸಿಲು ನಮ್ಮ ಕಲಬುರಗಿಯದೇ, ಮೇಲೆ ಬೆವರು ಬೇರೆ. ಒಂದು ದಿನ ಅವಳು ನನ್ನನ್ನು ಪ್ರಾಣಿಸಂಗ್ರಹಾಲಯಕ್ಕೆ ಕರೆದುಕೊಂಡು ಹೋದಳು. ಪ್ರಾಣಿಗಳನ್ನು ಕೂಡಿಹಾಕಿ ನೋಡುವುದು ನನಗೆ ಹಿಡಿಸದು. ಬಿಡು, ಅದು ಬೇರೆ ಜಗಳ.

ಅದು ಬಯಲಿನಲ್ಲಿ ಹರಡಿಕೊಂಡ ಜಾಗವಲ್ಲ. ಎಲ್ಲವೂ ಒಂದು ಕಟ್ಟಡದ ಒಳಗೆ. ನಮ್ಮ ದಾಸೋಹದ ಮನೆಯಷ್ಟು ಇದ್ದೀತು, ಅಷ್ಟೇ. ಆನೆಯಿಲ್ಲ, ಸಿಂಹವಿಲ್ಲ. ಆ ಸೀಮೆಯ ಕಾಡಿನಲ್ಲಿ, ಹೊಳೆಯಲ್ಲಿ ಹುಟ್ಟಿದವು ಮಾತ್ರ ಅಲ್ಲಿರಬೇಕೆಂಬ ಕಟ್ಟುನಿಟ್ಟು. ಒಂದು ಮೊಸಳೆ, ಒಂದು ಹೆಬ್ಬಾವು, ಹಸಿರು ಕಪ್ಪೆಗಳು, ಮೊಲಕ್ಕಿಂತ ತುಸು ದೊಡ್ಡ ಕಾಂಗರೂ. ಇವನ್ನೆಲ್ಲ ನೋಡಿಕೊಳ್ಳಲು ಒಬ್ಬ ಹೆಂಗಸಿದ್ದಳು. “ಹೊರಗಿನಿಂದ ತಂದದ್ದು ಇಲ್ಲಿ ಒಂದು ಇರುವೆಯೂ ಇಲ್ಲ” ಎಂದು ಎದೆಯುಬ್ಬಿಸಿ ಹೇಳಿದಳು. ಹೆತ್ತ ಮಕ್ಕಳನ್ನು ತೋರಿಸುವ ಹಾಗೆ ಒಂದೊಂದನ್ನೂ ಹೆಸರು ಹಿಡಿದು ತೋರಿಸಿದಳು. ಕೊನೆಗೆ ಒಂದು ಗಾಜಿನ ಕೋಣೆಯ ಮುಂದೆ ನಿಲ್ಲಿಸಿ ಸುಮ್ಮನಾದಳು. ಒಳಗೆ ಒಂದು ಒಣಮರ ಬಿಟ್ಟರೆ ನನಗೇನೂ ಕಾಣಲಿಲ್ಲ. ಇದೇನು ಎಂದು ಕೇಳಿದೆ. ಅವಳು ನಡೆದದ್ದನ್ನು ಹೇಳಿದಳು, ಶಿವಲೀಲಾ ಕನ್ನಡದಲ್ಲಿ ನನಗೆ ತಿಳಿಸಿದಳು.

ಆ ಕೋಣೆಯಲ್ಲಿ ಒಂದು ಹಕ್ಕಿಯಿತ್ತು. ಮರಿಯಾಗಿದ್ದಾಗ ಬಿರುಗಾಳಿಗೆ ಗೂಡಿನಿಂದ ಬಿದ್ದು ರೆಕ್ಕೆ ಮುರಿದುಕೊಂಡಿತ್ತು. ಆ ಹೆಂಗಸು ಒಂದೊಂದೇ ಹುಳ ತಿನ್ನಿಸಿ ಅದನ್ನು ಉಳಿಸಿಕೊಂಡಿದ್ದಳು. ಅದರ ಬಣ್ಣ ಒಣ ತೊಗಟೆಯ ಬಣ್ಣ. ಹಗಲೆಲ್ಲ ಅದು ಮುರಿದ ಕೊಂಬೆಯ ತುದಿಯಲ್ಲಿ ಕೂತು, ಕಣ್ಣು ಕಿರಿದು ಮಾಡಿ, ಕೊಕ್ಕು ಮೇಲೆತ್ತಿ ತಾನೂ ಒಂದು ಕೊಂಬೆಯಾಗಿಬಿಡುತ್ತಿತ್ತು. ಅದರ ಕುಲದ ವಿದ್ಯೆಯೇ ಅದು. ಸಂಜೆ ಜನ ಹೋದ ಮೇಲೆ ಮಾತ್ರ ಕಣ್ಣು ತೆರೆದು ಅವಳ ಕೈಯಿಂದ ತಿನ್ನುತ್ತಿತ್ತು.

ನೋಡಲು ಬಂದವರಿಗೆ ಅದು ಕಾಣುತ್ತಿರಲಿಲ್ಲ. “ಖಾಲಿ ಕೋಣೆ ತೋರಿಸಿ ನಮಗೆ ಟೋಪಿ ಹಾಕುತ್ತೀರಾ?” ಎಂದು ಸಂಗ್ರಹಾಲಯದ ಯಜಮಾನನ ಮೇಲೆ ಜಗಳಕ್ಕೆ ಹೋಗುತ್ತಿದ್ದರು. ಯಜಮಾನ ಕೆಟ್ಟವನೇನಲ್ಲ. ಬೈಸಿಕೊಂಡು ಬೈಸಿಕೊಂಡು ಸಾಕಾಗಿತ್ತು, ಪಾಪ. ಒಂದು ದಿನ ಆ ಹೆಂಗಸನ್ನು ಕರೆದ.

“ನೋಡಮ್ಮ, ಜನ ಬಂದಾಗ ಗಾಜಿನ ಮೇಲೆ ಕುಟ್ಟು. ಹಕ್ಕಿ ಬೆಚ್ಚಿಬಿದ್ದು ಅಷ್ಟಗಲ ಬಾಯಿ ತೆರೆಯುತ್ತದೆ. ಜನ ಚಪ್ಪಾಳೆ ತಟ್ಟುತ್ತಾರೆ. ಅದಾಗದಿದ್ದರೆ ಭಾನುವಾರ ಅದನ್ನು ದಕ್ಷಿಣದ ಕಡೆಯ ಇನ್ನೊಂದು ಸಂಗ್ರಹಾಲಯಕ್ಕೆ ಕಳಿಸಿ, ಇಲ್ಲಿ ಬಣ್ಣದ ಗಿಳಿ ಬಿಡುತ್ತೇನೆ,” ಎಂದ.

ಆ ದೇಶದಲ್ಲಿ ದಕ್ಷಿಣವೆಂದರೆ ಚಳಿಯ ಸೀಮೆ. ಬಿಸಿಲಿನ ಹಕ್ಕಿ, ಅದರಲ್ಲೂ ರೆಕ್ಕೆ ಊನ. ಅಲ್ಲಿ ಅದು ಎಷ್ಟು ದಿನ ಬದುಕೀತು ಎಂದು ಅವಳಿಗೆ ದಿಗಿಲಾಯಿತು. ಹಕ್ಕಿ ಉಳಿಯಬೇಕಾದರೆ ಕುಟ್ಟಲೇಬೇಕು ಎಂದುಕೊಂಡು ಗಾಜಿನ ಮುಂದೆ ಬಂದು ನಿಂತಳು. ಕೈ ಎತ್ತಿದಳು.

ಕೈಯ ನೆರಳು ಒಳಗೆ ಬಿತ್ತು. ಹಕ್ಕಿ ಹಾರಲಿಲ್ಲ, ಕೂಗಲಿಲ್ಲ. ಮೈಯನ್ನು ಇನ್ನಷ್ಟು ನೀಳ ಮಾಡಿತು. ಗರಿಗಳನ್ನು ಇನ್ನಷ್ಟು ಒತ್ತಾಗಿ ಅಂಟಿಸಿಕೊಂಡಿತು. ಉಸಿರಾಡುವುದೂ ಕಾಣಲಿಲ್ಲ. ತಿನ್ನಿಸಿ ಬೆಳೆಸಿದವಳ ಎದುರಿಗೂ ತನ್ನ ವಿದ್ಯೆಯಲ್ಲಿ ಕೂದಲೆಳೆಯಷ್ಟು ಕಡಿಮೆ ಮಾಡಲಿಲ್ಲ. ಭಲೇ! ಎತ್ತಿದ ಕೈ ತಾನಾಗಿ ಇಳಿಯಿತು. “ನನಗೆ ಅಳು ಬಂತು. ಅಳುವಿಗಿಂತ ಹೆಚ್ಚಾಗಿ ಹೆಮ್ಮೆ ಬಂತು,” ಎಂದು ಅವಳೇ ನನಗೆ ಹೇಳಿದಳು. ಅಂಥ ವಿದ್ಯೆಯನ್ನು ಚಪ್ಪಾಳೆಗಾಗಿ ಕೆಡಿಸಲು ಅವಳಿಗೆ ಮನಸ್ಸು ಬರಲಿಲ್ಲ. ಹಕ್ಕಿ ಹೋದರೆ ತಾನೂ ಅಲ್ಲಿಂದ ಹೋಗುವುದೆಂದು ನಿರ್ಧಾರ ಮಾಡಿದಳು.

ಭಾನುವಾರ ಯಜಮಾನ ಪೆಟ್ಟಿಗೆ ಹಿಡಿದುಕೊಂಡು ಬಂದ. ಹಕ್ಕಿಯನ್ನು ಹಿಡಿದು ಕೊಡು ಎಂದ.

“ನನ್ನ ಕೈಯಲ್ಲಾಗದು, ಯಜಮಾನರೇ. ಬೇಕಾದರೆ ನೀವೇ ಹಿಡಿದುಕೊಳ್ಳಿ,” ಎಂದು ಬಾಗಿಲು ತೆರೆದು ಪಕ್ಕಕ್ಕೆ ಸರಿದಳು.

ಅವನು ಸಿಡಿಮಿಡಿಗೊಳ್ಳುತ್ತ ಒಳಗೆ ಹೋದ. ಮೇಲೆ ನೋಡಿದ, ಕೆಳಗೆ ನೋಡಿದ. ಮರವನ್ನು ಮೂರು ಸುತ್ತು ಸುತ್ತಿದ. ನೀರಿನ ಬಟ್ಟಲನ್ನೂ ಎತ್ತಿ ನೋಡಿದ. ಬಟ್ಟಲ ಕೆಳಗೆ ಹಕ್ಕಿ ಇರುತ್ತದೆಯೇನಯ್ಯ? ಅವನ ಪಾಡು ನೋಡಿ ಗಾಜಿನ ಹೊರಗೆ ಜನ ಸೇರಿದರು. ಇವನು ಹುಡುಕುತ್ತಿರುವುದೇನು ಎಂದು ತಾವೂ ಹುಡುಕತೊಡಗಿದರು. ಒಬ್ಬ ಮುದುಕನಿಗೆ ಹಕ್ಕಿ ಕಂಡಿತು. ‘ಆಹಾ’ ಎಂದವನೇ ಬಾಯಿ ಮುಚ್ಚಿಕೊಂಡ. ಪಕ್ಕದಲ್ಲಿದ್ದ ಹೆಂಡತಿ ಎಲ್ಲಿ, ಎಲ್ಲಿ ಎಂದು ಪೀಡಿಸಿದರೂ ಹೇಳಲಿಲ್ಲ. ಆಮೇಲೆ ಅವಳಿಗೂ ಕಂಡಿತು. ಅವಳೂ ಯಾರಿಗೂ ಹೇಳಲಿಲ್ಲ. ಕಂಡವರು ಕಾಣದವರನ್ನು ನೋಡಿ ನಗುತ್ತ ನಿಂತರು. ಕಾಣದವರು ಹಟ ಹಿಡಿದು ನಿಂತರು. ಒಬ್ಬರೂ ಕದಲಲಿಲ್ಲ.

ಯಜಮಾನನ ಅಂಗಿ ಬೆವರಿಗೆ ತೊಯ್ದುಹೋಯಿತು. “ಇಲ್ಲಿ ಹಕ್ಕಿಯೇ ಇಲ್ಲ! ಎಲ್ಲಿ ಬಚ್ಚಿಟ್ಟಿದ್ದೀಯ?” ಎಂದು ಕೂಗಿದ.

“ನಾನು ಬಚ್ಚಿಟ್ಟಿಲ್ಲ. ನಿಮ್ಮ ಮೂಗಿನ ಮುಂದೆಯೇ ಇದೆ,” ಎಂದಳು.

ಹೊರಗಿದ್ದವರು ಗೊಳ್ಳೆಂದು ನಕ್ಕರು. ಅವನು ತಿರುಗಿ ಆ ಗುಂಪನ್ನು ನೋಡಿದ. ಮೊಸಳೆಯ ಮುಂದೆ ಕೂಡ ಅಷ್ಟು ಜನ ಎಂದೂ ನಿಂತಿರಲಿಲ್ಲ. ಖಾಲಿ ಪೆಟ್ಟಿಗೆ ಎತ್ತಿಕೊಂಡು ಹೊರಗೆ ಬಂದ. ಸ್ವಲ್ಪ ಹೊತ್ತಿನ ಮೇಲೆ ತಾನೇ ಒಂದು ಹಲಗೆ ಬರೆದು ತಂದು ಅಲ್ಲಿ ತೂಗುಹಾಕಿದ: ‘ಈ ಕೋಣೆಯಲ್ಲಿ ಒಂದು ಹಕ್ಕಿ ಇದೆ. ಯಜಮಾನನಿಗೆ ಇನ್ನೂ ಸಿಕ್ಕಿಲ್ಲ.’ ಹಾಗೆ ಹಕ್ಕಿ ಅಲ್ಲೇ ಉಳಿಯಿತು, ಅವಳೂ ಉಳಿದಳು. ಹಲಗೆಯ ಸಂಗತಿ ಹಕ್ಕಿಗೇನು ಗೊತ್ತು? ಅದು ಅಂದಿನ ಹಾಗೆಯೇ ಇಂದೂ ಕೂತಿದೆ.

ಗುರುಗಳು ಕತೆ ನಿಲ್ಲಿಸಿದರು. ಮಡಿವಾಳಯ್ಯ ತನ್ನ ಅಳಲನ್ನು ಮರೆತು ಮುಂದಕ್ಕೆ ಬಾಗಿದ್ದ.

“ಅಪ್ಪಾವರೇ, ತಮಗಾದರೂ ಕೊನೆಗೆ ಆ ಹಕ್ಕಿ ಕಂಡಿತೇ?” ಎಂದು ಕೇಳಿದ.

“ಇಲ್ಲವಯ್ಯ, ಆ ಹೆಂಗಸಿನ ಮುಖ ಕಂಡಿತು. ತಪ್ಪಿಲ್ಲದ ಪತ್ರಿಕೆ ಅಚ್ಚಾಗಿ ಕೈಗೆ ಬಂದ ದಿನ ನಿನ್ನ ಮುಖ ಇರುತ್ತದಲ್ಲ, ಹಾಗೇ ಇತ್ತು.”

ಮಡಿವಾಳಯ್ಯ ಎದ್ದು ಹೋಗಿ ಮುಂದಿನ ಸಂಚಿಕೆಯ ಪ್ರೂಫ್ ಕೈಗೆತ್ತಿಕೊಂಡ.